ಮೂಗು ಮುರಿಯುವವಳು

ಹಾರ್ಟ್‌ವಿಗ್ ಊರಿನ ಸುತ್ತಮುತ್ತ ಅರ್ಡಿಸ್ ಕ್ಲೂಗೆಯಿಂದ ಬೈಸಿಕೊಳ್ಳದ ಬಿಯರ್ ಇದ್ದದ್ದೇ ಅಪರೂಪ. ಜಿಲ್ಲೆಯ ವಾರಪತ್ರಿಕೆಯಲ್ಲಿ ಅವಳು ಬರೆಯುತ್ತಿದ್ದ ‘ನೊರೆಯ ಕೆಳಗೆ’ ಅಂಕಣವನ್ನು ಜನ ಸಾವಿನ ಸುದ್ದಿಗಿಂತ ಮೊದಲು ಓದುತ್ತಿದ್ದರು. “ಇದರಲ್ಲಿ ಲವಂಗ, ದಾಲ್ಚಿನ್ನಿ, ಜಾಯಿಕಾಯಿ, ಶುಂಠಿ ಎಲ್ಲವೂ ಬಂದು ಕೂತಿವೆ. ಬಿಯರ್ ಮಾತ್ರ ಬರುವುದನ್ನು ಮರೆತಿದೆ” ಎಂದು ಒಮ್ಮೆ ಒಂದು ಕುಂಬಳಕಾಯಿ ಬಿಯರಿನ ಬಗ್ಗೆ ಬರೆದಿದ್ದಳು. ಅದನ್ನು ತಯಾರಿಸಿದವನೇ ಆ ಸಾಲನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ತನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ. ಅರ್ಡಿಸ್ ಬೈದರೆ ವ್ಯಾಪಾರ ಹೆಚ್ಚುತ್ತದೆ ಎಂಬ ನಂಬಿಕೆ ಅಲ್ಲಿನ ಬಿಯರ್ ತಯಾರಕರಲ್ಲಿ ಹಬ್ಬಿತ್ತು. ಬೈಸಿಕೊಳ್ಳದವರು, ನಮ್ಮಲ್ಲೇನು ಕೊರತೆ ಎಂದು ಒಳಗೊಳಗೇ ಕೊರಗುತ್ತಿದ್ದರು.

ಹಾಗೆಂದು ಅವಳು ಬಾಯಿಗೆ ಬಂದದ್ದನ್ನು ಗೀಚುವವಳಲ್ಲ. ಲೋಟವನ್ನು ಮೂಗಿನ ಬಳಿ ಹಿಡಿದರೆ ಸಾಕು, ಕೊಳವೆ ತೊಳೆದು ಎಷ್ಟು ದಿನವಾಯಿತು, ಮೊಳಕೆ ಧಾನ್ಯವನ್ನು ಎಷ್ಟು ಹುರಿದಿದ್ದಾರೆ, ಯಾರು ಎಲ್ಲಿ ಕೈ ಬಿಗಿಹಿಡಿದಿದ್ದಾರೆ ಎಂಬುದೆಲ್ಲ ಹೇಳಿಬಿಡುತ್ತಿದ್ದಳು. ಅವಳ ಅಹಂಕಾರ ಪೂರ್ತಿ ಆ ಮೂಗಿನ ಮೇಲೇ ನಿಂತಿತ್ತು. ಊರಿನವರ ಬಗ್ಗೆ ಅವಳಿಗಿದ್ದ ತಾತ್ಸಾರವೂ ಅಲ್ಲಿಂದಲೇ ಹುಟ್ಟಿದ್ದು. ಎದುರಿಗಿರುವ ವಾಸನೆಯೇ ಗೊತ್ತಾಗದ ಜನ ಯಾವ ವಿಷಯದಲ್ಲಿ ತಾನೇ ಬುದ್ಧಿವಂತರಾದಾರು ಎನ್ನುವುದು ಅವಳ ತರ್ಕ.

ಆ ವರ್ಷ ಏಪ್ರಿಲ್‌ನಲ್ಲಿ ಜ್ವರ ಬಂದು ವಾರ ಮಲಗಿ ಎದ್ದಳು. ಎದ್ದ ಮೇಲೂ ಎಲ್ಲ ಸರಿಯಾಗಿದೆಯೆಂದೇ ಅಂದುಕೊಂಡಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದಾಗ, ಹೊರಗೆ ದೋಣಿಯ ಇಂಜಿನ್ ಬಿಚ್ಚಿಕೊಂಡು ಕೂತಿದ್ದ ಗಂಡ ಲಿರಾಯ್ ಕೆಮ್ಮುತ್ತಾ ಓಡಿಬಂದ. ಅವಳ ಬೆನ್ನ ಹಿಂದೆ, ಎರಡೇ ಮೊಳ ದೂರದಲ್ಲಿ, ಹಾಲಿನ ಪಾತ್ರೆ ಸೀದು ಕರಕಲಾಗಿತ್ತು. ಲಿರಾಯ್ ಒಲೆ ಆರಿಸಿ, ಕಿಟಕಿ ತೆರೆದು, ಹೆಂಡತಿಯ ಮುಖ ನೋಡಿದ. ಅವಳು ಪಾತ್ರೆಯನ್ನು ಎತ್ತಿ ಅದರೊಳಕ್ಕೆ ಮೂಗಿಟ್ಟಳು. ಏನೂ ಇಲ್ಲ. ಕಾಫಿ ಡಬ್ಬಿ ತೆರೆದಳು. ಏನೂ ಇಲ್ಲ. ಗ್ಯಾರೇಜಿಗೆ ಹೋಗಿ ಪೆಟ್ರೋಲ್ ಕ್ಯಾನಿನ ಮುಚ್ಚಳ ತಿರುಗಿಸಿದಳು. ಅದೂ ನೀರಿನ ಹಾಗಿತ್ತು.

“ವಾಸನೆ ವಾಪಸ್ ಬಂದ್ರೂ ಬರಬಹುದು” ಎಂದರು ಪಕ್ಕದ ಪಟ್ಟಣ ಶೆಬಾಯ್ಗನ್‌ನ ವೈದ್ಯರು.

ಬರಲಿಲ್ಲ. ಆ ಬೇಸಿಗೆಯಿಡೀ ಅರ್ಡಿಸ್ ಬಿಯರಿನ ಬಗ್ಗೆ ಬರೆಯದೆ ಬಿಯರಿನ ಅಂಕಣ ಬರೆದಳು. ಪಬ್ಬುಗಳ ಕುಂಟು ಕುರ್ಚಿಗಳನ್ನು ಬೈದಳು, ಲೋಟಗಳ ಆಕಾರವನ್ನು ಬೈದಳು, ಬಿಯರಿಗೆ ಹಣ್ಣಿನ ಹೋಳು ಸಿಕ್ಕಿಸಿ ಕೊಡುವವರನ್ನು ಬೈದಳು. ಒಬ್ಬರೂ ವ್ಯತ್ಯಾಸ ಗುರುತಿಸಲಿಲ್ಲ. ಮೆಚ್ಚುಗೆ ಹಿಂದೆಂದಿಗಿಂತ ಹೆಚ್ಚೇ ಬಂತು. ಇಷ್ಟು ವರ್ಷ ಇವರಿಗಾಗಿ ತಾನು ಮೂಗು ಸವೆಸಿದ್ದೆನಲ್ಲ ಎಂದು ಅವಳಿಗೆ ಓದುಗರ ಮೇಲೇ ಅಸಹ್ಯ ಹುಟ್ಟಿತು.

ಸೆಪ್ಟೆಂಬರ್ ಬಂತು. ಊರಂಚಿನ ಸರೋವರದ ಕಡೆಯಿಂದ ತಣ್ಣನೆ ಗಾಳಿ ಶುರುವಾಗಿ, ಅಂಗಡಿಗಳ ಮುಂದೆ ಕುಂಬಳಕಾಯಿಗಳು ಗುಡ್ಡೆ ಬಿದ್ದವು. ಪ್ರತಿವರ್ಷದಂತೆ ಶರತ್ಕಾಲದ ಬಿಯರ್ ಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಬರಬೇಕೆಂದು ಅವಳಿಗೆ ಕರೆ ಬಂತು. ಅವಳು ಒಪ್ಪಿಕೊಂಡಳು.

“ಅಲ್ಲ ಕಣೇ, ಮೂಗೇ ಇಲ್ದೆ ಅಲ್ಲಿ ಹೋಗಿ ಏನ್ ಮಾಡ್ತೀಯ?” ಎಂದ ಲಿರಾಯ್. ವಿಷಯ ಗೊತ್ತಿದ್ದವನು ಅವನೊಬ್ಬನೇ.

“ಕಣ್ಣಿದೆ. ನಾಲಿಗೆ ಇದೆ.”

“ನಿನ್ ನಾಲಿಗೆ ಇರೋದು ಇಡೀ ಜಿಲ್ಲೆಗೇ ಗೊತ್ತು ಬಿಡು.”

“ಸಿಹಿ, ಕಹಿ, ಹುಳಿ ಗೊತ್ತಾಗತ್ತೆ. ಅಷ್ಟು ಸಾಕು ಈ ಊರಿಗೆ. ನಾನ್ ಬಿಟ್ರೆ ಆ ಡ್ವೇನ್ ಬೂಲ್‌ನ ತಲೆ ಮೇಲೆ ಕೂರಿಸ್ಕೋತಾರೆ. ಅವನು ಗೆಲ್ಲಿಸಿದ ಬಿಯರ್ ನೀನು ಕುಡೀತೀಯಾ?”

“ಹುಷಾರಿಲ್ಲ ಅಂದ್ಬಿಡು. ಯಾರೇನ್ ಅಂತಾರೆ?”

“ಪಾಪ ಅಂತಾರೆ” ಎಂದಳು ಅರ್ಡಿಸ್. “ಅದನ್ನ ಕೇಳ್ಕೊಂಡು ಇರೋಕೆ ನನ್ನಿಂದಾಗಲ್ಲ.”

ಲಿರಾಯ್ ಎದ್ದು ದೋಣಿಯ ಕಡೆ ಹೋದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಕಲಿತದ್ದು ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು.

ಇನ್ನೊಬ್ಬ ತೀರ್ಪುಗಾರ ಡ್ವೇನ್ ಬೂಲ್ ಮನೆ ಮಾರುವ ದಲ್ಲಾಳಿ. ನೆಲಮಾಳಿಗೆಯಲ್ಲಿ ನೀರು ಜಿನುಗುವ ಮನೆಯನ್ನು “ಸರೋವರದ ಉಸಿರಿರುವ ಮನೆ” ಎಂದು ಮಾರಿದವನು. ಬಿಯರ್ ಬಾಯಿಗೆ ಹೋದರೂ ಅದೇ ವರಸೆ. ಕಣ್ಣು ಮುಚ್ಚಿ, “ಮಳೆ ನಿಂತ ಮೇಲೆ ಮೇಪಲ್ ಎಲೆಗಳ ಮೇಲೆ ನಡೆದ ಹಾಗಿದೆ” ಎನ್ನುತ್ತಿದ್ದ. ಮೇಪಲ್ ಎಲೆಯನ್ನು ಯಾವತ್ತು ನೆಕ್ಕಿದ್ದೆ ಎಂದು ಅರ್ಡಿಸ್ ಒಮ್ಮೆ ಕೇಳಿದ್ದಳು. ಮೂರನೇ ತೀರ್ಪುಗಾರ ಮಿಲ್ಟ್ ಶೌಮನ್ ಜಿಲ್ಲಾ ಮಂಡಳಿಯ ಅಧ್ಯಕ್ಷ. ಬಿಯರ್ ತಯಾರಿಸುವ ಪ್ರತಿಯೊಬ್ಬರಿಗೂ ಒಂದು ವೋಟಿದೆ ಎಂಬುದನ್ನು ಅವನ ನಾಲಿಗೆ ಎಂದೂ ಮರೆತಿರಲಿಲ್ಲ. ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಪರವಾಗಿಲ್ವೇ, ಚೆನ್ನಾಗೇ ಇದೆ.”

ಸ್ಪರ್ಧೆ ನಡೆದದ್ದು ಎಂದಿನಂತೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ. ಹೊರಗೆ ಅಂಗಳದಲ್ಲಿ ಮಾಂಸದ ಸಾಸೇಜು ಸುಡುವ ಹೊಗೆ, ಅಕಾರ್ಡಿಯನ್ನಿನಲ್ಲಿ ಪೋಲ್ಕಾ ಕುಣಿತದ ಹಾಡು, ತಮ್ಮ ಫುಟ್‌ಬಾಲ್ ತಂಡದ ಹಸಿರು ಹಳದಿ ಜೆರ್ಸಿ ತೊಟ್ಟ ಜನ. ಪೀಪಾಯಿಗಳ ಮುಂದೆ ಸಾಲು ಬೆಳೆಯುತ್ತಿತ್ತು. ಒಳಗಿನ ಕೋಣೆಯಲ್ಲಿ ಬಿಳಿ ಕಾಗದ ಹಾಸಿದ ಮೇಜಿಗೆ ಮೂವರೂ ಕೂತರು. ಯಾರ ಬಿಯರ್ ಯಾವುದೆಂದು ಗೊತ್ತಾಗದಂತೆ ಕಪ್ಪುಗಳಿಗೆ ಬರೀ ಅಕ್ಷರ ಅಂಟಿಸಿದ್ದರು.

ಅರ್ಡಿಸ್ ಮೊದಲ ಕಪ್ಪನ್ನು ಎತ್ತಿ, ಹಳೆಯ ಅಭ್ಯಾಸದಂತೆ ಮೂಗಿಟ್ಟಳು. ಖಾಲಿ ಬಕೆಟ್ಟಿನೊಳಗೆ ಮುಖ ಹಾಕಿದಂತಾಯಿತು. ಆದರೆ ಮುಖ ಅವಳ ಹಿಡಿತದಲ್ಲೇ ಇತ್ತು. ತುಟಿಯ ಒಂದು ತುದಿಯನ್ನು ಕೆಳಕ್ಕೆ ಎಳೆದು, “ಯಾರೋ ಹೋದ ವರ್ಷದ್ದನ್ನೇ ಬಿಸಿ ಮಾಡಿ ಕಳ್ಸಿದ್ದಾರೆ” ಎಂದಳು.

“ನಾನೂ ಅದೇ ಹೇಳೋಣ ಅಂತಿದ್ದೆ” ಎಂದ ಡ್ವೇನ್.

ಎರಡನೆಯದಕ್ಕೂ ಹಾಗೇ ಆಯಿತು. ಅವಳು ಬಾಯಿ ಬಿಡುವವರೆಗೆ ಇಬ್ಬರೂ ಕಪ್ಪಿನೊಳಗೆ ನೋಡುತ್ತಾ ಕೂತಿರುತ್ತಿದ್ದರು. ಅವಳು ಬೈದ ಮೇಲೆ ಬೈದರು. ಇಷ್ಟು ವರ್ಷವೂ ಹೀಗೇ ಇತ್ತೆಂದು ಅವಳಿಗೆ ಈಗ ಕಂಡಿತು. ಆಗ ತನ್ನ ಮೂಗು ಕಪ್ಪಿನಲ್ಲಿರುತ್ತಿತ್ತು, ಹಾಗಾಗಿ ಇವರ ಮುಖ ನೋಡಿರಲಿಲ್ಲ.

ಮೂರನೆಯ ಕಪ್ಪಿನಲ್ಲಿದ್ದುದು ಅಕ್ಟೋಬರ್ ಹಬ್ಬದ ಹಳೆಯ ಜರ್ಮನ್ ಬಗೆಯ ಬಿಯರ್. ತಾಮ್ರದ ಬಣ್ಣ, ತಿಳಿಯಾಗಿತ್ತು, ನೊರೆ ಗಟ್ಟಿಯಾಗಿ ನಿಂತಿತ್ತು. ಕಣ್ಣಿಗೆ ಒಂದು ಕುಂದೂ ಕಾಣಲಿಲ್ಲ. ಡ್ವೇನ್ ಒಂದು ಗುಟುಕು ಕುಡಿದವನು ಕಣ್ಣು ಮುಚ್ಚುವುದನ್ನೂ ಮರೆತು, “ಇದು ಚೆನ್ನಾಗಿದೆ” ಎಂದುಬಿಟ್ಟ. ಎಲೆಯಿಲ್ಲ, ಮಳೆಯಿಲ್ಲ, ಬರೀ ಚೆನ್ನಾಗಿದೆ. ಅವನ ಬಾಯಿಂದ ಅಂಥ ಮಾತು ಅವಳು ಕೇಳಿಯೇ ಇರಲಿಲ್ಲ. ಆಗಲೇ ಅವಳು ಎಚ್ಚೆತ್ತುಕೊಳ್ಳಬೇಕಿತ್ತು. ಅವಳ ನಾಲಿಗೆಗೆ ಸಿಕ್ಕಿದ್ದು ಒಂಚೂರು ಸಿಹಿ, ಹಿಂದೆಯೇ ಒಂಚೂರು ಕಹಿ, ಅಷ್ಟೇ. ಆದರೆ ಡ್ವೇನ್ ತನಗಿಂತ ಮುಂಚೆ ಬಾಯಿ ತೆರೆದಿದ್ದ. ಅದನ್ನು ಸಹಿಸುವುದು ಅವಳ ಜಾಯಮಾನದಲ್ಲಿರಲಿಲ್ಲ.

“ಸ್ನಾನ ಮಾಡಿದ ನೀರಿಗೆ ಬಣ್ಣ ಹಾಕಿದ್ದಾರೆ” ಎಂದಳು.

ಡ್ವೇನ್ ಮುಖ ಇಳಿಯಿತು. “ಹೌದು... ಈಗ ನೋಡಿದ್ರೆ ಸ್ವಲ್ಪ ತೆಳು ಅನ್ಸತ್ತೆ” ಎಂದು ಬರೆದಿದ್ದ ಅಂಕಿಯನ್ನು ಹೊಡೆದುಹಾಕಿದ.

“ಪರವಾಗಿಲ್ವೇ” ಎಂದ ಮಿಲ್ಟ್. ಮಿಕ್ಕಿದ್ದನ್ನು ನುಂಗಿಕೊಂಡ.

ಆಮೇಲೆ ಮೇಪಲ್ ಪಾಕದ್ದು, ಸೇಬಿನದ್ದು, ಕೊನೆಗೆ ಕುಂಬಳಕಾಯಿ ಬಿಯರುಗಳ ಸಾಲು. ಮಸಾಲೆಯೆಲ್ಲ ಮೂಗಿನ ಬಾಬತ್ತು. ಅವಳ ಬಾಯಿಗೆ ಎಲ್ಲವೂ ಒಂದೇ ಸಕ್ಕರೆ ನೀರು. ಬೈಗುಳಗಳೂ ಸವೆಯುತ್ತಾ ಬಂದವು. ಹೊರಗಿನ ಪೋಲ್ಕಾ ತಲೆಗೆ ಬಡಿಯುತ್ತಿತ್ತು. ಎದ್ದು ಮನೆಗೆ ಹೋಗಿಬಿಡೋಣವೆನ್ನಿಸಿತು.

ಕೊನೆಯ ಕಪ್ಪು ಬಂತು. ಬಗ್ಗಡ, ಕಿತ್ತಳೆ ಬಣ್ಣ, ನೊರೆಯೇ ಇಲ್ಲ. ಮಿಲ್ಟ್ ಮೂಗಿನ ಬಳಿ ತಂದವನು ಕಣ್ಣೀರು ಒರೆಸಿಕೊಂಡ. ಡ್ವೇನ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಅರ್ಡಿಸ್ ಬೇಸರದಿಂದಲೇ ಒಂದು ಗುಟುಕು ಎಳೆದಳು.

ಹುಳಿ! ನಾಲಿಗೆಯ ಎರಡೂ ಅಂಚುಗಳು ಚುರ್ ಎಂದವು. ದವಡೆ ಬಿಗಿಯಿತು, ಬಾಯಿ ತುಂಬ ನೀರೂರಿತು. ಏಪ್ರಿಲ್‌ನಿಂದ ಈಚೆಗೆ ಅವಳು ತಿಂದ ಊಟವೆಲ್ಲ ರಟ್ಟು, ಕುಡಿದದ್ದೆಲ್ಲ ನೀರು. ಈಗ ಏನೋ ಒಂದು ಅವಳನ್ನು ಹಿಡಿದು ಅಲ್ಲಾಡಿಸಿತ್ತು. ಮತ್ತೊಂದು ಗುಟುಕು ಕುಡಿದಳು. ಕಣ್ಣು ತುಂಬಿ ಬಂತು.

“ಇದು” ಎಂದಳು. “ಇವತ್ತು ಬಾಯಿ ಬಿಟ್ಟು ಮಾತಾಡಿದ್ದು ಇದೊಂದೇ.”

ಡ್ವೇನ್ ಅವಳನ್ನೂ ಕಪ್ಪನ್ನೂ ನೋಡಿದ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಕುಡಿದ. “ಧೈರ್ಯ ಇದೆ ಇದಕ್ಕೆ” ಎಂದ, ಗಂಟಲು ಸರಿಮಾಡಿಕೊಂಡು. “ಹಳೇ ತೋಟದ ಕೊನೇ ಬಿಸಿಲಿನ ಹಾಗೆ.”

ಮಿಲ್ಟ್ ಕೆಮ್ಮಿನ ನಡುವೆಯೇ ಚೆನ್ನಾಗಿದೆ ಎಂದು ತಲೆಯಾಡಿಸಿದ.

ಸಂಜೆ ನಾಲ್ಕರ ಹೊತ್ತಿಗೆ ಮಿಲ್ಟ್ ಅಂಗಳದ ವೇದಿಕೆಯೇರಿ ಮೈಕ್ ಹಿಡಿದ. ಬಹುಮಾನ ಸಾರುವ ಮೊದಲು ಸೋತವರ ಬಗ್ಗೆ ಅರ್ಡಿಸ್ ಆಡಿದ ಮಾತುಗಳನ್ನು ಹೆಸರು ಸಮೇತ ಓದುವುದು ಅಲ್ಲಿಯ ವಾಡಿಕೆ. ಜನ ಬರುತ್ತಿದ್ದುದೇ ಅದಕ್ಕೆ.

“ಜಿನೀವಾ ಟೋಲೆಫ್ಸನ್ ಅವರ ಹಬ್ಬದ ಬಿಯರ್” ಎಂದು ಮಿಲ್ಟ್ ಓದಿದ. “ಸ್ನಾನ ಮಾಡಿದ ನೀರಿಗೆ ಬಣ್ಣ ಹಾಕಿದ್ದಾರೆ!”

ಅಂಗಳವೆಲ್ಲ ಹೋ ಎಂದು ನಕ್ಕಿತು. ಅರ್ಡಿಸ್ ತಲೆಯೆತ್ತಿದಳು. ಜಿನೀವಾ ತನ್ನ ಪೀಪಾಯಿಯ ಪಕ್ಕ ನಿಂತಿದ್ದಳು. ಮುಚ್ಚಿಹೋದ ಹಳೆಯ ಬೆಣ್ಣೆ ಕಾರ್ಖಾನೆಯಲ್ಲಿ ಒಬ್ಬಳೇ ಬಿಯರ್ ಮಾಡುವವಳು, ಮಾತು ಕಡಿಮೆ. ಅವಳು ಮಾಡುತ್ತಿದ್ದುದು ಅದೊಂದೇ ಶರತ್ಕಾಲದ ಬಿಯರ್. ಹೋದ ಮೂರು ವರ್ಷವೂ ಅರ್ಡಿಸ್ ಬೈಯದೆ ಬಿಟ್ಟದ್ದು ಅದೊಂದನ್ನೇ. ಜಿನೀವಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಒದ್ದೆ ಬಟ್ಟೆಯಿಂದ ನಲ್ಲಿಯನ್ನು ಒರೆಸಿ, ಅದಕ್ಕೆ ಮುಚ್ಚಳ ಹಾಕಿದಳು. ಅವಳ ಮುಂದಿದ್ದ ಸಾಲು ಸದ್ದಿಲ್ಲದೆ ಪಕ್ಕಕ್ಕೆ ಸರಿದುಹೋಯಿತು.

ಮೊದಲ ಬಹುಮಾನ ಕರ್ಟಿಸ್ ಹ್ರಿಬಾರ್‌ನ ಕುಂಬಳಕಾಯಿ ಬಿಯರಿಗೆ ಬಂತು. ಹೆಸರು ಕೂಗಿದ ಮೇಲೂ ಅವನು ಹಿಂದೆ ಮುಂದೆ ನೋಡಿದ, ಬೇರೆ ಹ್ರಿಬಾರ್ ಯಾರಾದರೂ ಇದ್ದಾರೋ ಎಂಬಂತೆ. ಆಮೇಲೆ ಬಂದು ರಿಬ್ಬನ್ ಕಟ್ಟಿದ ಮರದ ಲೋಟ ಇಸಿದುಕೊಂಡ.

ಜನ ಅವನ ಪೀಪಾಯಿಗೆ ಮುತ್ತಿದರು. ಲಿರಾಯ್ ಹೇಗೋ ನುಗ್ಗಿ ಒಂದು ಕಪ್ ತಂದ. ಬಾಯಿಗೆ ತರಲಿಲ್ಲ. ಹೆಂಡತಿಯ ಪಕ್ಕಕ್ಕೆ ಬಂದು ಮೆಲ್ಲಗೆ, “ಅರ್ಡಿಸ್, ಇದು ಸತ್ತು ವಾರ ಆಗಿದೆ” ಎಂದ.

“ಏನಂದೆ?”

“ಕೊಳೆತ ಕುಂಬಳಕಾಯಿ ಕಣೇ. ಅದರ ಜೊತೆಗೆ ನಮ್ ನಾಯಿ ಸರೋವರದಲ್ಲಿ ಬಿದ್ದು ಬಂದು ಸೋಫಾ ಮೇಲೆ ಮಲಗತ್ತಲ್ಲ, ಅದೂ ಇದೆ. ಹುಳಿ ಅಲ್ಲ ಇದು, ಹಳಸಿದ್ದು.”

ಅರ್ಡಿಸ್ ಸುತ್ತ ನೋಡಿದಳು. ಹಳದಿ ಜೆರ್ಸಿಯವನೊಬ್ಬ ಕುಡಿದು, ಮುಖ ಕಿವುಚಿ, ಪಕ್ಕದವನಿಗೆ “ಡಿಫರೆಂಟಾಗಿದೆ ಅಲ್ವಾ?” ಎನ್ನುತ್ತಿದ್ದ. ಒಬ್ಬಾಕೆ ಗಂಡನಿಗೆ, “ನಿಮಗೆ ಇಂಥದ್ದೆಲ್ಲ ಅರ್ಥ ಆಗಲ್ಲ, ಬಿಡಿ” ಎಂದು ಗದರುತ್ತಿದ್ದಳು. ಡ್ವೇನ್ ಕಪ್ಪನ್ನು ಬಿಸಿಲಿಗೆ ಹಿಡಿದು ನಾಲ್ಕು ಜನರಿಗೆ ತೋಟದ ಕಥೆ ಹೇಳುತ್ತಿದ್ದ.

ಅವಳು ನೇರವಾಗಿ ಹ್ರಿಬಾರ್ ಹತ್ತಿರ ಹೋದಳು. “ನಿಜ ಹೇಳು. ನಿನಗೆ ಗೊತ್ತಿತ್ತಾ?”

ಹ್ರಿಬಾರ್ ದನಿ ತಗ್ಗಿಸಿದ. “ಬುಧವಾರನೇ ಗೊತ್ತಾಯ್ತು ಮೇಡಂ. ಕಾಯಿ ಒಳಗೇ ಕೊಳೆತುಹೋಗಿತ್ತು. ಹೆಸರು ಕೊಟ್ಟಾಗಿತ್ತಲ್ಲ, ತಗೊಂಡ್ ಬಂದೆ. ನೀವು ನಾಲ್ಕು ಬೈದ್ರೆ ಪೇಪರ್‌ನಲ್ಲಾದ್ರೂ ಬರ್ತೀನಿ ಅಂದ್ಕೊಂಡಿದ್ದೆ.” ಒಂದು ಕ್ಷಣ ತಡೆದು, “ಜನ ಎರಡನೇ ಸಲ ಬರ್ತಿದ್ದಾರೆ, ನೋಡಿ” ಎಂದ. ಅವನಿಗೇ ಅದು ನಂಬಿಕೆಯಾಗಿರಲಿಲ್ಲ.

ಅರ್ಡಿಸ್ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡಳು. ಅಕಾರ್ಡಿಯನ್ ನಿಂತಿತು.

“ಕೇಳಿ ಇಲ್ಲಿ. ನನಗೆ ಏಪ್ರಿಲ್‌ನಿಂದ ವಾಸನೆ ಗೊತ್ತಾಗ್ತಾ ಇಲ್ಲ. ಸೀದ ಹಾಲೂ ಗೊತ್ತಾಗಲ್ಲ, ಪೆಟ್ರೋಲೂ ಗೊತ್ತಾಗಲ್ಲ. ನೀವು ಕುಡೀತಿರೋದು ಕೊಳೆತ ಕುಂಬಳಕಾಯಿ ರಸ. ಅದಕ್ಕೆ ಬಹುಮಾನ ಕೊಟ್ಟಿದ್ದು ನಾನು. ಇಲ್ಲಿದ್ದ ಒಳ್ಳೇ ಬಿಯರು ಜಿನೀವಾದು, ಅದನ್ನ ಬೈದಿದ್ದೂ ನಾನೇ. ನನಗಂತೂ ಮೂಗಿಲ್ಲ. ನಿಮಗೆಲ್ಲ ಏನಾಗಿತ್ತು?”

ಹಿಂದೆಲ್ಲಿಂದಲೋ ಒಬ್ಬ ಕಿಸಕ್ಕೆಂದ. ನಗು ಸಾಲಿನಿಂದ ಸಾಲಿಗೆ ದಾಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಪ್ಪಾಳೆ ತಟ್ಟಿದರು.

“ಈ ವರ್ಷದ್ದು ಭರ್ಜರಿ ಕಣಮ್ಮ ಅರ್ಡಿಸ್!” ಎಂದು ಯಾರೋ ಕೂಗಿದರು.

“ನಾನು ತಮಾಷೆ ಮಾಡ್ತಿಲ್ಲ!”

ನಗು ಇನ್ನೂ ಜೋರಾಯಿತು. ಡ್ವೇನ್ ಮೆಟ್ಟಿಲು ಹತ್ತಿ ಬಂದು, ಅವಳ ಹೆಗಲ ಮೇಲೆ ಕೈಯಿಟ್ಟು, ಮೈಕಿಗೆ ಬಾಗಿದ. “ಅರ್ಡಿಸ್ ಹೇಳ್ತಿರೋದು ಇಷ್ಟೇ. ಇಂಥ ಬಿಯರ್‌ನ ಮೂಗಿನಿಂದ ಅಳೆಯೋಕಾಗಲ್ಲ. ಮನಸ್ಸಿನಿಂದ ಕುಡೀಬೇಕು.”

ಅರ್ಡಿಸ್ ಅವನ ಕೈಯನ್ನು ಹೆಗಲಿಂದ ಕಿತ್ತು ಬಿಸಾಕಿದಳು. ಮಿಲ್ಟ್ ಹತ್ತಿರ ಹೋಗಿ ತೀರ್ಪು ಬದಲಿಸು ಎಂದಳು. ಒಮ್ಮೆ ಕೊಟ್ಟ ತೀರ್ಪು ಬದಲಿಸುವ ಪದ್ಧತಿ ಇಲ್ಲ ಎಂದ ಅವನು, ಹ್ರಿಬಾರ್‌ನ ಕಡೆಗೆ ಕೈ ಬೀಸುತ್ತಾ. ಪೋಲ್ಕಾ ಮತ್ತೆ ಶುರುವಾಯಿತು. ಕತ್ತಲಾಗುವ ಮೊದಲೇ ಹ್ರಿಬಾರ್‌ನ ಪೀಪಾಯಿಗಳೆಲ್ಲ ಬರಿದಾದವು. ಮರುದಿನ ಊರಿನ ಅರ್ಧಕ್ಕರ್ಧ ಜನ ಹೊಟ್ಟೆ ಕೆಟ್ಟು ಮಲಗಿದರು. ತಪ್ಪನ್ನು ಸಾಸೇಜಿನ ಮೇಲೆ ಹಾಕಿದರು.

ಸೋಮವಾರ ಅರ್ಡಿಸ್ ಬೆಣ್ಣೆ ಕಾರ್ಖಾನೆಗೆ ಹೋದಳು. ಜಿನೀವಾ ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು ಪೀಪಾಯಿ ತೊಳೆಯುತ್ತಿದ್ದಳು. ನೀರು ನಿಲ್ಲಿಸಲಿಲ್ಲ.

“ತಪ್ಪಾಯ್ತು ಅಂತ ಹೇಳೋಕೆ ಬಂದೆ” ಎಂದಳು ಅರ್ಡಿಸ್, ನೀರಿನ ಸದ್ದಿಗಿಂತ ದನಿಯೇರಿಸಿ.

“ಶನಿವಾರ ಹೇಳಿದ್ರಲ್ಲ, ಮೈಕ್‌ನಲ್ಲಿ. ಎಲ್ರೂ ನಕ್ರು.”

“ನಾನ್ ಹೇಳಿದ್ದು ನಿಜ ಜಿನೀವಾ. ಮೂಗು ಹೋಗಿದೆ.”

“ಗೊತ್ತಾಯ್ತು ನನಗೆ. ನಾನು ನಗಲಿಲ್ಲ.” ಜಿನೀವಾ ಈಗ ನೀರು ನಿಲ್ಲಿಸಿದಳು. “ಮೂಗು ಹೋಗಿದ್ದಕ್ಕೆ ನನಗೇನೂ ಸಿಟ್ಟಿಲ್ಲ. ಬಟ್ಟೆ ಹೊಲೀತಿದ್ದ ನನ್ ತಾಯಿಗೆ ಕಣ್ಣು ಹೋಯ್ತು. ಅವಳು ಸೂಜಿ ಕೆಳಗಿಟ್ಲು, ಆಮೇಲೆ ಮುಟ್ಲಿಲ್ಲ. ನೀವು ಕುರುಡು ಕಣ್ಣಲ್ಲೇ ನನ್ನ ಬಟ್ಟೆ ಕತ್ತರಿಸೋಕೆ ಕೂತ್ರಿ. ಅದೂ ಊರ ಮುಂದೆ, ನಗಿಸೋಕೆ.”

ಅರ್ಡಿಸ್ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಬದುಕಿನಲ್ಲಿ ಅದು ಹೊಸತು.

“ಎಷ್ಟು ವರ್ಷ ಬರೆದ್ರಿ?” ಜಿನೀವಾ ಬಿಡಲಿಲ್ಲ. “ನನ್ ಬಿಯರ್‌ನ ಬೈದಿರಲಿಲ್ಲ, ಸರಿ. ಚೆನ್ನಾಗಿದೆ ಅಂತ ಒಂದ್ ಸಾಲು ಬರೆದಿದ್ರಾ? ಇಲ್ಲ. ಬೈಯೋಕೆ ಏನೂ ಇಲ್ಲ ಅಂದ್ರೆ ಬರೆಯೋಕೇ ಬರ್ತಿರಲಿಲ್ಲ ನಿಮಗೆ. ಆಗ ಮೂಗಿತ್ತಲ್ಲ?”

ಅವಳು ಒಳಗೆ ಹೋಗಿ ಒಂದು ಲೋಟ ತುಂಬಿ ತಂದು ಅರ್ಡಿಸ್‌ಳ ಕೈಗಿಟ್ಟಳು. ತಾಮ್ರದ ಬಣ್ಣ, ಗಟ್ಟಿ ನೊರೆ. “ಕುಡೀರಿ. ಏನ್ ಗೊತ್ತಾಗತ್ತೆ ಅಷ್ಟೇ ಹೇಳಿ. ಚಮತ್ಕಾರ ಬೇಡ.”

ಅರ್ಡಿಸ್ ಮೂಗಿನ ಬಳಿ ಹಿಡಿಯದೆ ಕುಡಿದಳು. ನಿಧಾನವಾಗಿ, ಪೂರ್ತಿ.

“ತಣ್ಣಗಿದೆ” ಎಂದಳು. “ಮೊದ್ಲು ಸ್ವಲ್ಪ ಸಿಹಿ. ಆಮೇಲೆ ಕಹಿ ಬರತ್ತೆ, ಬೇಗ ಹೋಗಲ್ಲ. ಮಿಕ್ಕಿದ್ದು ಗೊತ್ತಿಲ್ಲ.”

“ಹ್ಞೂಂ” ಎಂದಳು ಜಿನೀವಾ. ಲೋಟ ಇಸಿದುಕೊಂಡು, ತೊಳೆದು, ಬೋರಲು ಹಾಕಿದಳು. ಕ್ಷಮಿಸಿದೆ ಎನ್ನಲಿಲ್ಲ, ಮತ್ತೆ ಬನ್ನಿ ಎನ್ನಲಿಲ್ಲ. ನೀರು ಬಿಟ್ಟು ಮುಂದಿನ ಪೀಪಾಯಿಗೆ ಬಾಗಿದಳು.

ಅರ್ಡಿಸ್ ಮನೆಗೆ ಬರುವ ದಾರಿಯಲ್ಲಿ ಪತ್ರಿಕೆಯ ಕಚೇರಿಯ ಮುಂದೆ ಕಾರು ನಿಲ್ಲಿಸಿ, ಇನ್ನು ಬರೆಯುವುದಿಲ್ಲ ಎಂದು ಹೇಳಿಬಂದಳು. ಸಂಪಾದಕ ಅದನ್ನೂ ತಮಾಷೆಯೆಂದುಕೊಂಡು, ಮುಂದಿನ ವಾರಕ್ಕೆ ಜಾಗ ಕಾದಿರಿಸುತ್ತೇನೆ ಎಂದ. ಅವಳು ವಾದಕ್ಕೆ ನಿಲ್ಲಲಿಲ್ಲ.

ಲಿರಾಯ್ ಟಿವಿಯಲ್ಲಿ, ಕೈಯಲ್ಲಿ ಚೆಂಡು ಹಿಡಿದು ಓಡುವ ಅಲ್ಲಿಯ ಫುಟ್‌ಬಾಲ್ ನೋಡುತ್ತಾ ಕೂತಿದ್ದ. “ಏನಂದ್ಲು?”

“ಬೈದ್ಲು.”

“ಚೆನ್ನಾಗಿ ಬೈದ್ಲಾ?”

“ನನಗಿಂತ ಚೆನ್ನಾಗಿ.” ಅವಳು ಕೋಟು ಬಿಚ್ಚಿ ಅವನ ಪಕ್ಕ ಕೂತಳು. ಆಟ ಯಾರ ಕಡೆ ವಾಲಿದೆಯೆಂದು ನೋಡಿದಳು. ತಮ್ಮ ತಂಡದವರು ಸೋಲುತ್ತಿದ್ದರು.

“ಇವರಿಗೆ ಚೆಂಡು ಹಿಡಿಯೋಕಾದ್ರೂ ಬರತ್ತಾ?” ಎಂದಳು.

ಲಿರಾಯ್ ಅವಳ ಕಡೆ ನೋಡದೆ ಚಿಪ್ಸಿನ ಬಟ್ಟಲನ್ನು ಅವಳತ್ತ ಸರಿಸಿದ.